ಹಳೆಯ ಕಾರ್ವೆಟ್‌ನ ಮೂಲ ಎಂಜಿನ್, ಹೊಸ ಕ್ರೇಟ್ ಎಂಜಿನ್: ಬದಲಿಸುವ ಮುನ್ನ ಹೋಲಿಸುವ ಕ್ರಮ

ಕಾರ್ಖಾನೆಯಲ್ಲೇ ಜೋಡಿಸಿ, ಪೆಟ್ಟಿಗೆಯಲ್ಲಿಟ್ಟು ಮಾರುವ ಹೊಸ ಎಂಜಿನ್‌ಗೆ ಅಮೆರಿಕದಲ್ಲಿ ಕ್ರೇಟ್ ಎಂಜಿನ್ ಎನ್ನುತ್ತಾರೆ. ಹಳೆಯ ಸ್ಪೋರ್ಟ್ಸ್ ಕಾರು ಕೊಂಡವರು ವರ್ಷದೊಳಗೆ ಒಂದಲ್ಲ ಒಂದು ದಿನ ಅದರ ಜಾಹೀರಾತಿನ ಮುಂದೆ ನಿಲ್ಲುತ್ತಾರೆ. ಅಲ್ಲಿ 330 ಹಾರ್ಸ್‌ಪವರ್ ಎಂದಿರುತ್ತದೆ, ತಮ್ಮ ಕಾರಿನ ಪುಸ್ತಕದಲ್ಲಿ 190 ಎಂದಿರುತ್ತದೆ, ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಎಂಜಿನ್ ಮನೆಗೆ ಬಂದ ಮೇಲೆ ಫ್ಲೈವೀಲ್ (ಎಂಜಿನ್‌ನ ಹಿಂದೆ ತಿರುಗುವ ಭಾರದ ಚಕ್ರ) ಕೂರುವುದಿಲ್ಲ, ಬಾನೆಟ್ ಮುಚ್ಚುವುದಿಲ್ಲ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತೋರಿಸುವ ಮುಳ್ಳು ಅಲುಗುವುದಿಲ್ಲ. ಇಲ್ಲಿ ಅಮೆರಿಕದಲ್ಲಿ ಹಳೆಯ ಷೆವರ್ಲೆ ಕಾರುಗಳನ್ನು ಸಾಕಿಕೊಂಡಿರುವ ಕನ್ನಡಿಗ ಗೆಳೆಯರಲ್ಲೇ ಇದೇ ಎಡವಟ್ಟನ್ನು ಮತ್ತೆ ಮತ್ತೆ ಕಂಡಿದ್ದರಿಂದ ಈ ಕ್ರಮವನ್ನು ಬರೆದಿಡುತ್ತಿದ್ದೇನೆ.

ಮಾತು ಸ್ಪಷ್ಟವಾಗಿರಲೆಂದು ಒಂದೇ ಜೋಡಿಯನ್ನು ಹಿಡಿದು ವಿವರಿಸುತ್ತೇನೆ: ಒಂದು ಕಡೆ 1973ರ ಷೆವರ್ಲೆ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನ ಎಲ್48 ಎಂಜಿನ್, ಇನ್ನೊಂದು ಕಡೆ ಷೆವರ್ಲೆಯ ಒಡೆಯ ಕಂಪನಿಯಾದ ಜನರಲ್ ಮೋಟಾರ್ಸ್‌ನ ‘350 ಎಚ್‌ಒ’ ಕ್ರೇಟ್ ಎಂಜಿನ್. ಎರಡೂ 350 ಘನ ಇಂಚಿನ, ಅಂದರೆ 5.7 ಲೀಟರಿನ ವಿ8 ಎಂಜಿನ್‌ಗಳು. ಎರಡರ ಬೋರ್ (ಸಿಲಿಂಡರಿನ ವ್ಯಾಸ) 4.00 ಇಂಚು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 3.48 ಇಂಚು. 1955ರಲ್ಲಿ ಆರಂಭವಾದ ಒಂದೇ ವಂಶದ ಎಂಜಿನ್‌ಗಳಾದ್ದರಿಂದ ಸಲೀಸಾಗಿ ಕೂರುತ್ತವೆ ಎಂಬ ನಂಬಿಕೆ ಬೆಳೆದಿದೆ, ಹೆಚ್ಚಿನ ತಪ್ಪುಗಳೂ ಆ ನಂಬಿಕೆಯಿಂದಲೇ ಹುಟ್ಟುತ್ತವೆ. ನಿಮ್ಮ ಕಾರು ಬೇರೆಯದಾಗಿದ್ದರೆ ಅಳತೆಗಳು ಬದಲಾಗುತ್ತವೆ, ಹಂತಗಳ ಅನುಕ್ರಮ ಬದಲಾಗುವುದಿಲ್ಲ.

ಬೇಕಾಗುವ ಸಲಕರಣೆಗಳು

ಕಂಪ್ರೆಷನ್ ಗೇಜ್, ಸಿಲಿಂಡರಿನಿಂದ ಎಷ್ಟು ಗಾಳಿ ಸೋರುತ್ತದೆ ಎಂದು ತೋರಿಸುವ ಲೀಕ್‌ಡೌನ್ ಟೆಸ್ಟರ್, ಅದಕ್ಕೆ ಗಾಳಿ ಕೊಡುವ ಸಣ್ಣ ಕಂಪ್ರೆಸರ್, ಮೆಕ್ಯಾನಿಕಲ್ ಆಯಿಲ್ ಪ್ರೆಷರ್ ಗೇಜ್, ವ್ಯಾಕ್ಯೂಮ್ ಗೇಜ್, ಸೂಕ್ಷ್ಮ ಚಲನೆಯನ್ನು ಅಳೆಯುವ ಡಯಲ್ ಇಂಡಿಕೇಟರ್, ಉದ್ದನೆಯ ಸ್ಕೇಲು, ಮಕ್ಕಳು ಆಟಕ್ಕೆ ಬಳಸುವ ಮೆತ್ತನೆಯ ಕ್ಲೇ, ಟಾರ್ಚು ಮತ್ತು ಒಂದು ನೋಟ್‌ಪುಸ್ತಕ. ಟೆಸ್ಟರ್‌ಗಳನ್ನು ಬಿಡಿಭಾಗದ ಅಂಗಡಿಗಳು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಕೊಡುವುದುಂಟು. ನೋಟ್‌ಪುಸ್ತಕದ ಎಡಪುಟ ಮೂಲ ಎಂಜಿನ್‌ಗೆ, ಬಲಪುಟ ಕ್ರೇಟ್ ಎಂಜಿನ್‌ಗೆ ಎಂದು ಮೀಸಲಿಡಿ, ಏಕೆಂದರೆ ನೆನಪಿನಲ್ಲಿ ಇಟ್ಟುಕೊಂಡ ಅಳತೆ ಅಂಗಡಿಯ ಕೌಂಟರಿನ ಮುಂದೆ ನಿಂತಾಗ ಸಹಾಯಕ್ಕೆ ಬರುವುದಿಲ್ಲ.

ಹಂತ 1: ಕಾರಿನಲ್ಲಿರುವ ಎಂಜಿನ್ ಯಾವುದು ಎಂದು ಓದುವುದು

ಮೊದಲ ಕೆಲಸ ಇದೇ. ಕಾರಿನಲ್ಲಿ ಈಗಿರುವುದು ಅದರ ಜೊತೆಗೇ ಹುಟ್ಟಿದ ಎಂಜಿನ್ ಹೌದೋ ಅಲ್ಲವೋ ತಿಳಿಯದೆ ಮುಂದಿನ ಯಾವ ಲೆಕ್ಕಕ್ಕೂ ಅರ್ಥವಿಲ್ಲ. ಐವತ್ತು ವರ್ಷಗಳಲ್ಲಿ ಇಂಥ ಅನೇಕ ಕಾರುಗಳ ಎಂಜಿನ್ ಒಮ್ಮೆಯಾದರೂ ಬದಲಾಗಿರುತ್ತದೆ.

ಡ್ರೈವರ್ ಸೀಟಿನಲ್ಲಿ ಕುಳಿತವರ ಬಲಗಡೆಗೆ, ಎಂಜಿನ್‌ನ ಮುಂಭಾಗದಲ್ಲಿ, ಸಿಲಿಂಡರ್ ಹೆಡ್ (ಸಿಲಿಂಡರ್‌ಗಳನ್ನು ಮೇಲಿಂದ ಮುಚ್ಚುವ ಭಾಗ) ಮುಗಿಯುವ ಜಾಗಕ್ಕೆ ಸ್ವಲ್ಪ ಮುಂದೆ ಬ್ಲಾಕ್, ಅಂದರೆ ಎಂಜಿನ್‌ನ ಮುಖ್ಯ ಒಡಲಿನ ಮೇಲೆ ಒಂದು ಚಪ್ಪಟೆ ಪಟ್ಟಿಯಿದೆ. ಎಣ್ಣೆ, ಧೂಳು, ಹಳೆಯ ಬಣ್ಣ ಸೇರಿ ಅದು ಕಪ್ಪು ಜಿಡ್ಡಿನಡಿ ಮುಚ್ಚಿಹೋಗಿರುತ್ತದೆ. ಬ್ರೇಕ್ ಕ್ಲೀನರ್ ಸಿಂಪಡಿಸಿ, ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿ. ತಂತಿ ಬ್ರಷ್ ಅಥವಾ ಉಪ್ಪುಕಾಗದವನ್ನು ಯಾವ ಕಾರಣಕ್ಕೂ ಮುಟ್ಟಿಸಬೇಡಿ. ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರಗಳು ನೆರಳಿನಲ್ಲಿ ಎದ್ದು ನಿಲ್ಲುತ್ತವೆ. ಅವುಗಳ ಹಿಂದೆ ಎಂಜಿನ್‌ನ ಉದ್ದಕ್ಕೂ ಓಡುವ, ಕೂದಲೆಳೆಯಷ್ಟು ಸಣ್ಣನೆಯ ಸಮಾನಾಂತರ ಗೆರೆಗಳೂ ಕಾಣುತ್ತವೆ. ಕಾರ್ಖಾನೆಯಲ್ಲಿ ಬ್ಲಾಕ್‌ನ ಮೇಲ್ಮೈ ಕತ್ತರಿಸಿದಾಗ ಉಳಿದ ಈ ಗುರುತುಗಳು ಅಕ್ಷರಗಳಷ್ಟೇ ಮುಖ್ಯ.

ಅಲ್ಲಿ ಎರಡು ಗುಂಪುಗಳಿರುತ್ತವೆ. ಒಂದು ಗುಂಪು ‘ವಿ’ ಅಕ್ಷರದಿಂದ ಆರಂಭವಾಗುತ್ತದೆ, ಅದು ಮಿಷಿಗನ್‌ನ ಫ್ಲಿಂಟ್ ಎಂಜಿನ್ ಕಾರ್ಖಾನೆಯ ಗುರುತು. ಅದರ ನಂತರದ ನಾಲ್ಕು ಅಂಕಿಗಳು ಜೋಡಣೆಯಾದ ತಿಂಗಳು ಮತ್ತು ದಿನ, ಕೊನೆಯ ಮೂರು ಅಕ್ಷರಗಳು ಎಂಜಿನ್‌ನ ಬಗೆ. ಇನ್ನೊಂದು ಗುಂಪು ಕಾರಿನ ವಿಐಎನ್ ಎಂಬ ಗುರುತಿನ ಸಂಖ್ಯೆಯ ತುಣುಕು: 1973ರ ಕಾರಿಗೆ ಅದು ‘13ಎಸ್4’ ಎಂದು ಆರಂಭವಾಗಬೇಕು. ಇಲ್ಲಿ 1 ಎಂದರೆ ಷೆವರ್ಲೆ, 3 ಎಂದರೆ ಮಾಡೆಲ್ ವರ್ಷ, ಎಸ್ ಎಂದರೆ ಆಗ ಕಾರ್ವೆಟ್ ತಯಾರಾಗುತ್ತಿದ್ದ ಸೇಂಟ್ ಲೂಯಿಸ್ ಕಾರ್ಖಾನೆ. ಉಳಿದ ಅಂಕಿಗಳು ಮುಂಗಾಜಿನ ಕಂಬದ ಬಳಿಯಿರುವ ಫಲಕದ ಕೊನೆಯ ಅಂಕಿಗಳಿಗೆ ಸರಿಹೊಂದಿದರೆ ಎಂಜಿನ್ ಆ ಕಾರಿನದೇ.

ಬ್ಲಾಕ್‌ನ ಹಿಂಭಾಗದಲ್ಲಿ ಗೇರ್‌ಬಾಕ್ಸ್ ಕೂರುವ ಅಂಚಿನ ಮೇಲೆ ಎಡಗಡೆ ಎರಕದ ಸಂಖ್ಯೆ, ಬಲಗಡೆ ಎರಕದ ದಿನಾಂಕ ಇರುತ್ತವೆ. ‘ಸಿ 14 3’ ಎಂದಿದ್ದರೆ ಮಾರ್ಚ್ 14, 1973 ಎಂದು ಓದಬೇಕು. ಎರಕ ಮೊದಲು, ಎಂಜಿನ್ ಜೋಡಣೆ ನಂತರ, ಕಾರಿನ ಜೋಡಣೆ ಕೊನೆಗೆ. ಈ ಅನುಕ್ರಮ ತಿರುಗುಮುರುಗಾಗಿದ್ದರೆ ಯಾರೋ ಕೈಯಾಡಿಸಿದ್ದಾರೆಂದೇ ಅರ್ಥ. ಎರಕದ ಸಂಖ್ಯೆ 3970010 ಕಂಡೊಡನೆ ಹಿಗ್ಗುವವರಿದ್ದಾರೆ. ಆ ಸಂಖ್ಯೆಯ ಬ್ಲಾಕ್ ಎಪ್ಪತ್ತರ ದಶಕದ ಎಷ್ಟೋ ಬಗೆಯ ಷೆವರ್ಲೆ ವಾಹನಗಳಲ್ಲಿ ಬಳಕೆಯಾಗಿದೆ, ಅದರಿಂದ ಏನೂ ಸಾಬೀತಾಗುವುದಿಲ್ಲ.

ಎಚ್ಚರಿಕೆಯ ಗುರುತುಗಳು: ಪಟ್ಟಿಯ ಮೇಲೆ ಉದ್ದದ ಗೆರೆಗಳೇ ಇಲ್ಲದಿರುವುದು, ಅಡ್ಡಡ್ಡ ಉಜ್ಜಿದ ಗೀರುಗಳಿರುವುದು, ಅಕ್ಷರಗಳು ಬೇರೆ ಬೇರೆ ಗಾತ್ರದಲ್ಲಿರುವುದು. ಓದಿದ್ದನ್ನು ಫೋಟೋ ತೆಗೆದು, ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚನ್ನೂ ಇಟ್ಟುಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಕೈಜೋಡಿಸಿದ ಮೊದಲ ಕಾರಿನ ಬ್ಲಾಕನ್ನು ಒಂದು ಮಷಿನ್ ಶಾಪಿಗೆ ಕೊಟ್ಟಾಗ ಮೇಲ್ಮೈಯನ್ನು ಸಮತಟ್ಟು ಮಾಡುವ ಭರದಲ್ಲಿ ಆ ಪಟ್ಟಿಯನ್ನೂ ಕತ್ತರಿಸಿಬಿಟ್ಟರು. ಅಸಲಿ ಎಂಜಿನ್ ಅಸಲಿಯಾಗಿಯೇ ಉಳಿಯಿತು, ಆದರೆ ಅದನ್ನು ತೋರಿಸಿ ಹೇಳುವ ದಾರಿ ಹೋಯಿತು. ನಮ್ಮ ಬಳಿ ಒಂದು ಫೋಟೋ ಕೂಡ ಇರಲಿಲ್ಲ.

ಹಂತ 2: ಮೂಲ ಎಂಜಿನ್‌ನ ಆರೋಗ್ಯವನ್ನು ಅಳೆಯುವುದು

ಹೊಸ ಎಂಜಿನ್ ಬೇಕು ಎನ್ನುವವರಲ್ಲಿ ಬಹಳಷ್ಟು ಮಂದಿ ಹಳೆಯದನ್ನು ಅಳೆದೇ ಇರುವುದಿಲ್ಲ. ‘ಹೊಗೆ ಬರುತ್ತದೆ, ಎಳೆಯುವುದಿಲ್ಲ’ ಎಂಬಷ್ಟೇ ಆಧಾರ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತುಹೋದರೆ ಅದು ಸಾಮಾನ್ಯವಾಗಿ ವಾಲ್ವ್ ಸೀಲ್‌ನ ದೋಷ, ಬ್ಲಾಕ್ ಎತ್ತಿಡುವಂಥ ರೋಗವಲ್ಲ.

ಅಳೆಯುವ ಕ್ರಮ ಹೀಗಿರಲಿ. ಕಾರನ್ನು ಹತ್ತಿಪ್ಪತ್ತು ಮೈಲಿ ಓಡಿಸಿ ಎಂಜಿನ್ ಪೂರ್ತಿ ಬಿಸಿಯಾಗಲಿ. ವರ್ಷಗಟ್ಟಲೆ ನಿಂತ ಕಾರಾಗಿದ್ದರೆ ಹಲವು ದಿನ ಓಡಿಸಿದ ನಂತರವೇ ಪರೀಕ್ಷಿಸಿ, ಏಕೆಂದರೆ ಅಂಟಿಕೊಂಡ ರಿಂಗ್‌ಗಳು ಮತ್ತು ವಾಲ್ವ್‌ಗಳು ಸುಳ್ಳು ಅಂಕಿ ಕೊಡುತ್ತವೆ. ನಂತರ ಇಗ್ನಿಷನ್ ಕಡಿದು, ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದಿಟ್ಟು, ಚಾರ್ಜ್ ತುಂಬಿದ ಬ್ಯಾಟರಿಯಿಂದ ಪ್ರತಿ ಸಿಲಿಂಡರಿಗೂ ಒಂದೇ ಸಂಖ್ಯೆಯ ಸುತ್ತುಗಳಷ್ಟು ತಿರುಗಿಸಿ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಅಮುಕಿದಾಗ ಬರುವ ಒತ್ತಡ) ಬರೆದುಕೊಳ್ಳಿ. ಷೆವರ್ಲೆಯ ಸರ್ವಿಸ್ ಪುಸ್ತಕಗಳ ನಿಯಮದಂತೆ ಅತಿ ಕಡಿಮೆಯ ಅಂಕಿ ಅತಿ ಹೆಚ್ಚಿನದರ 70 ಪ್ರತಿಶತಕ್ಕಿಂತ ಇಳಿಯಬಾರದು, ಯಾವುದೂ 100 ಪಿಎಸ್‌ಐಗಿಂತ (ಚದರ ಇಂಚಿಗೆ ಪೌಂಡ್) ಕೆಳಗಿರಬಾರದು. ತಣ್ಣನೆಯ ಎಂಜಿನ್‌ನಲ್ಲಿ, ಥ್ರಾಟಲ್ ಮುಚ್ಚಿಟ್ಟು ಅಳೆದು, ‘ಎಲ್ಲ ಸಿಲಿಂಡರೂ ಸತ್ತಿವೆ’ ಎಂದು ತೀರ್ಮಾನಿಸುವುದು ನಾನು ಅತಿ ಹೆಚ್ಚು ಕಂಡ ತಪ್ಪು.

ಯಾವುದಾದರೂ ಸಿಲಿಂಡರ್ ಕಡಿಮೆ ತೋರಿಸಿದರೆ ಲೀಕ್‌ಡೌನ್ ಟೆಸ್ಟರ್ ಹಚ್ಚಿ. ಆ ಪಿಸ್ಟನ್ನನ್ನು ಕಂಪ್ರೆಷನ್‌ನ ಮೇಲ್ತುದಿಗೆ ತಂದು ಗಾಳಿ ತುಂಬಿ, ಕಿವಿಗೊಟ್ಟು ಕೇಳಿ. ಕಾರ್ಬುರೇಟರ್‌ನಲ್ಲಿ ಸುಯ್ಯೆಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್ ತುದಿಯಲ್ಲಿ ಕೇಳಿದರೆ ಎಗ್ಸಾಸ್ಟ್ ವಾಲ್ವ್, ಎಣ್ಣೆ ತುಂಬುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು. ಸೋರಿಕೆ 10 ಪ್ರತಿಶತದೊಳಗಿದ್ದರೆ ಸಿಲಿಂಡರ್ ಚೆನ್ನಾಗಿದೆ, 20 ದಾಟಿದರೆ ಕೆಲಸವಿದೆ. ಮೊದಲ ಎರಡು ದೋಷಗಳಿಗೆ ಹೆಡ್ ಬಿಚ್ಚಿದರೆ ಸಾಕು, ಬ್ಲಾಕ್ ಕಾರಿನಲ್ಲೇ ಇರಬಹುದು.

ಬಿಸಿ ಎಂಜಿನ್‌ನಲ್ಲಿ ಎಣ್ಣೆಯ ಒತ್ತಡ ಪ್ರತಿ 1,000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಇದ್ದರೆ ಬೇರಿಂಗ್‌ಗಳ ಬಗ್ಗೆ ಗಾಬರಿ ಬೇಡ. ಡ್ಯಾಶ್‌ಬೋರ್ಡಿನ ಹಳೆಯ ಗೇಜನ್ನು ನೆಚ್ಚದೆ ಪ್ರತ್ಯೇಕ ಗೇಜ್ ಹಾಕಿ ನೋಡಿ. ಆಯಿಲ್ ಫಿಲ್ಟರನ್ನು ಕೊಯ್ದು ಒಳಗಿನ ಮಡಿಕೆಗಳನ್ನು ಬಿಡಿಸಿ ನೋಡುವುದೂ ಈ ಹಂತದಲ್ಲೇ ಆಗಬೇಕು. ಬೆಳ್ಳಿಯ ಹೊಳಪಿನ ಚೂರುಗಳು ಬೇರಿಂಗ್‌ನ ಸುದ್ದಿ ಹೇಳುತ್ತವೆ. ಪ್ಲಾಸ್ಟಿಕ್‌ನಂಥ ಚೂರುಗಳಿದ್ದರೆ ಅವು ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ಎಂಬ ದಂಡದ ಗೇರಿನ ನೈಲಾನ್ ಹಲ್ಲುಗಳು. ಆ ಕಾಲದ ಎಂಜಿನ್‌ಗಳಲ್ಲಿ ಶಬ್ದ ತಗ್ಗಿಸಲು ಅಂಥ ಗೇರ್ ಬಳಸಿದ್ದರು. ಟೈಮಿಂಗ್ ಚೈನ್ ಸಡಿಲವಾಗಿ ಎಂಜಿನ್ ಸೋಮಾರಿಯಾಗುವುದಕ್ಕೆ ಅದೊಂದೇ ಸಾಕು, ಹೊಸ ಚೈನ್ ಮತ್ತು ಗೇರ್ ಹಾಕಿದರೆ ‘ಸತ್ತ’ ಎಂಜಿನ್ ಎದ್ದು ಕೂರುತ್ತದೆ. ವಾಲ್ವ್ ಕವರ್ ತೆಗೆದು ಡಯಲ್ ಇಂಡಿಕೇಟರ್‌ನಿಂದ ಹದಿನಾರೂ ರಾಕರ್‌ಗಳ (ವಾಲ್ವ್‌ಗಳನ್ನು ಒತ್ತುವ ಸನ್ನೆಗಳ) ಏರಿಕೆ ಅಳೆಯಿರಿ. ಒಂದೆರಡು ಉಳಿದವುಗಳಿಗಿಂತ ಕಡಿಮೆ ಏರಿದರೆ ಕ್ಯಾಮ್‌ನ ಆ ಉಬ್ಬು ಸವೆದಿದೆ.

ಹಂತ 3: ಎರಡೂ ಅಂಕಿಗಳನ್ನು ಒಂದೇ ತಕ್ಕಡಿಗೆ ತರುವುದು

ಜನ ಹೆಚ್ಚು ಮೋಸಹೋಗುವ ಜಾಗ ಇದು, ಆದ್ದರಿಂದ ನಿಧಾನವಾಗಿ ಓದಿ.

1971ರವರೆಗೆ ಅಮೆರಿಕದ ತಯಾರಕರು ‘ಗ್ರಾಸ್’ ಶಕ್ತಿಯನ್ನು ಪ್ರಕಟಿಸುತ್ತಿದ್ದರು. ಎಂಜಿನ್ನನ್ನು ಪರೀಕ್ಷಾ ಪೀಠದ ಮೇಲೆ ಏರ್‌ಕ್ಲೀನರ್, ಆಲ್ಟರ್ನೇಟರ್, ಕಾರಿನ ಸೈಲೆನ್ಸರ್ ಯಾವುದೂ ಇಲ್ಲದೆ ಓಡಿಸಿ ಪಡೆದ ಅಂಕಿ ಅದು. 1972ರಿಂದ ‘ನೆಟ್’ ಶಕ್ತಿ ಬಂತು: ಕಾರಿನಲ್ಲಿ ಇರುವಂತೆಯೇ ಎಲ್ಲ ಸಾಮಗ್ರಿ ತೊಡಿಸಿ ಅಳೆದದ್ದು. 1973ರ ಎಲ್48ರ 190 ಹಾರ್ಸ್‌ಪವರ್ ಈ ಎರಡನೆಯ ಬಗೆಯದು. ಕ್ರೇಟ್ ಎಂಜಿನ್‌ನ 5,000 ಆರ್‌ಪಿಎಂನಲ್ಲಿ 330 ಎಂಬುದು ಸ್ವಭಾವದಲ್ಲಿ ಮೊದಲ ಬಗೆಯದು: ಪೀಠದ ಮೇಲೆ, ಸರಾಗವಾದ ಹೆಡರ್ ಪೈಪುಗಳೊಂದಿಗೆ, ಬೆಲ್ಟ್ ಎಳೆಯುವ ಹೊರೆಗಳಿಲ್ಲದೆ.

ಪರಿವರ್ತನೆಗೆ 1971ರ ಮಾಡೆಲ್‌ಗಳೇ ದಾರಿ ತೋರಿಸುತ್ತವೆ, ಏಕೆಂದರೆ ಆ ವರ್ಷ ಜನರಲ್ ಮೋಟಾರ್ಸ್ ಎರಡೂ ಅಂಕಿಗಳನ್ನು ಕೊಟ್ಟಿತ್ತು. ಸಾಮಾನ್ಯ 350 ಎಂಜಿನ್‌ಗೆ ಗ್ರಾಸ್ 270, ನೆಟ್ 210. ಅದಕ್ಕಿಂತ ಹೆಚ್ಚು ಶಕ್ತಿಯ ಎಲ್‌ಟಿ-1 ಎಂಜಿನ್‌ಗೆ ಗ್ರಾಸ್ 330, ನೆಟ್ 275. ಅಂದರೆ ನೆಟ್ ಅಂಕಿ ಗ್ರಾಸ್‌ನ 78ರಿಂದ 83 ಪ್ರತಿಶತದಷ್ಟು. ಇದೇ ಅನುಪಾತ ಹಚ್ಚಿದರೆ ನಮ್ಮ ಕ್ರೇಟ್ ಎಂಜಿನ್ ಕಾರಿನೊಳಗೆ ಕೂತಾಗ 257ರಿಂದ 274ರ ಆಸುಪಾಸಿನಲ್ಲಿರುತ್ತದೆ. ಕಾರಿನ ಹಳೆಯ ಕಿರಿದಾದ ಎಗ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆಯನ್ನು ಹೊರಗೊಯ್ಯುವ ಕೊಳವೆಗಳು) ಹಾಗೆಯೇ ಉಳಿದರೆ ಕೆಳಗಿನ ಅಂಕಿಯನ್ನೇ ನಂಬಿ. ಕಾಗದದ ಮೇಲೆ 140 ಕುದುರೆಗಳಂತೆ ಕಂಡ ವ್ಯತ್ಯಾಸ ರಸ್ತೆಯ ಮೇಲೆ ಎಪ್ಪತ್ತು, ಎಂಬತ್ತಕ್ಕೆ ಇಳಿಯುತ್ತದೆ. ಅದು ಕಡಿಮೆಯೇನಲ್ಲ, ಆದರೆ ನೀವು ದುಡ್ಡು ಕೊಡುತ್ತಿರುವುದು ಯಾವುದಕ್ಕೆ ಎಂಬುದು ತಿಳಿದಿರಲಿ.

ಇನ್ನೊಂದು ಲೆಕ್ಕ ಟಾರ್ಕಿನದು, ಅಂದರೆ ಎಂಜಿನ್‌ನ ತಿರುಗಿಸುವ ಬಲದ್ದು. ಹಾರ್ಸ್‌ಪವರ್ ಎಂದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 5,252ರಿಂದ ಭಾಗಿಸಿದ್ದು. ಎಲ್48 ಗರಿಷ್ಠ ಟಾರ್ಕ್ ಕೊಡುವುದು 2,800 ಆರ್‌ಪಿಎಂನಲ್ಲಿ, 270 ಪೌಂಡ್-ಅಡಿ. ಕ್ರೇಟ್ ಎಂಜಿನ್ ಕೊಡುವುದು 3,800ರಲ್ಲಿ, 380. ಈಗ ನಿಮ್ಮ ಕಾರು ಯಾವ ವೇಗದಲ್ಲಿ ಬದುಕುತ್ತದೆ ನೋಡಿ: 3.36 ಅನುಪಾತದ ಹಿಂಗೇರ್ (ಹಿಂದಿನ ಆಕ್ಸಲ್‌ನ ಗೇರ್), ಸುಮಾರು 27 ಇಂಚು ವ್ಯಾಸದ ಟೈರ್, ನಾಲ್ಕನೆಯ ಗೇರ್, ಗಂಟೆಗೆ 60 ಮೈಲಿ ಎಂದರೆ ಎಂಜಿನ್ ಸುಮಾರು 2,500 ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ. ಭಾನುವಾರ ಬೆಳಗ್ಗೆ ಊರಾಚೆ ಹೋಗಿಬರುವವರಿಗೆ ಈ 2,500ರಲ್ಲಿ ಸಿಗುವ ಎಳೆತವೇ ಎಲ್ಲ. ಆದ್ದರಿಂದ ಮಾರಾಟಗಾರರಿಂದ ಗರಿಷ್ಠ ಅಂಕಿಯ ಬದಲು 2,000ದಿಂದ ಆರಂಭವಾಗುವ ಪೂರ್ತಿ ಟಾರ್ಕ್ ರೇಖೆಯನ್ನು ಕೇಳಿ ಪಡೆಯಿರಿ. ಅದನ್ನು ಕೊಡಲು ಹಿಂಜರಿದರೆ ಬೇರೆ ಎಂಜಿನ್ ನೋಡುವುದು ಮೇಲು.

ಹಂತ 4: ಒಳಗಿನ ಅಳತೆಗಳನ್ನು ಎದುರುಬದುರಾಗಿಡುವುದು

ಶಕ್ತಿಯ ವ್ಯತ್ಯಾಸ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾದರೆ ಹಳೆಯ ಎಂಜಿನ್‌ನಿಂದಲೇ ಅದರಲ್ಲಿ ಎಷ್ಟನ್ನು ಪಡೆಯಬಹುದು ಎಂಬುದೂ ಗೊತ್ತಾಗುತ್ತದೆ.

ಎಲ್48ರ ಕಂಪ್ರೆಷನ್ ಅನುಪಾತ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಅಮುಕುತ್ತದೆ ಎಂಬುದು) 8.5ಕ್ಕೆ 1, ಹೆಡ್‌ನ ದಹನ ಕೋಣೆ ಸುಮಾರು 76 ಸಿಸಿ. ಎಚ್‌ಒ ಎಂಜಿನ್‌ನಲ್ಲಿರುವುದು ವೋರ್ಟೆಕ್ ಎಂಬ ಎರಕದ ಕಬ್ಬಿಣದ ಹೆಡ್, ಕೋಣೆ 64 ಸಿಸಿ, ಅನುಪಾತ 9.1. ಈಗ ಈ ಲೆಕ್ಕ ಮಾಡಿ: ಒಂದು ಸಿಲಿಂಡರಿನ ಗಾತ್ರ ಸುಮಾರು 716 ಸಿಸಿ. ಅನುಪಾತ 8.5 ಆಗಬೇಕಾದರೆ ಪಿಸ್ಟನ್ ಮೇಲ್ತುದಿಯಲ್ಲಿದ್ದಾಗ ಉಳಿಯುವ ಜಾಗ 95.5 ಸಿಸಿ. ಹಳೆಯ ಬ್ಲಾಕ್‌ಗೇ 64 ಸಿಸಿಯ ಹೆಡ್ ಕೂರಿಸಿದರೆ ಆ ಜಾಗ 12 ಸಿಸಿ ಕುಗ್ಗಿ 83.5 ಆಗುತ್ತದೆ, ಅನುಪಾತ 9.6ಕ್ಕೆ ಏರುತ್ತದೆ. ಅಂದರೆ ಬ್ಲಾಕ್ ಗಟ್ಟಿಯಾಗಿದ್ದರೆ ಒಳ್ಳೆಯ ಹೆಡ್, ಹೊಸ ಕ್ಯಾಮ್, ತಕ್ಕ ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿಯನ್ನು ಒಳಗೊಯ್ಯುವ ಕೊಳವೆಗಳು) ಇಷ್ಟರಿಂದಲೇ ಕ್ರೇಟ್ ಎಂಜಿನ್‌ನ ಹತ್ತಿರಕ್ಕೆ ಬರಬಹುದು, ಕಾರಿನ ಸಂಖ್ಯೆಯ ಬ್ಲಾಕ್ ಕಾರಿನಲ್ಲೇ ಉಳಿಯುತ್ತದೆ. ಹಂತ 2ರಲ್ಲಿ ರಿಂಗ್ ಮತ್ತು ಬೇರಿಂಗ್ ಚೆನ್ನಾಗಿವೆ ಎಂದು ಬಂದಿದ್ದರೆ ನನ್ನ ಒಲವು ಈ ದಾರಿಯ ಕಡೆಗೇ.

ಕ್ಯಾಮ್‌ನ ಬಗೆಯನ್ನೂ ಬರೆದುಕೊಳ್ಳಿ. ಎಲ್48 ಮತ್ತು ಎಚ್‌ಒ ಎರಡರಲ್ಲೂ ಕ್ಯಾಮ್‌ನ ಉಬ್ಬುಗಳ ಮೇಲೆ ಜಾರುವ, ಚಪ್ಪಟೆ ತಳದ ಟ್ಯಾಪೆಟ್‌ಗಳಿವೆ. ಇವುಗಳಿಗೆ ಹೊಸದರಲ್ಲಿ ಸತು ಬೆರೆತ ಎಣ್ಣೆ ಹಾಕಿ, ಸ್ಟಾರ್ಟ್ ಆದ ಕ್ಷಣದಿಂದ 2,000ರಿಂದ 2,500 ಆರ್‌ಪಿಎಂನಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ ಓಡಿಸಿ ಪಳಗಿಸಬೇಕು. ತಯಾರಕರೇ ಪಳಗಿಸಿ ಕಳಿಸಿದ್ದಾರೋ ಇಲ್ಲವೋ ಕೇಳಿ ತಿಳಿಯಿರಿ. ಜೆಡ್‌ಜೆಡ್6 ಎಂಬ ಇನ್ನೊಂದು ಕ್ರೇಟ್ ಎಂಜಿನ್‌ನಲ್ಲಿ ರೋಲರ್ ಕ್ಯಾಮ್, ಅಲ್ಯೂಮಿನಿಯಂ ಹೆಡ್‌ಗಳಿವೆ. ಅದಕ್ಕೆ ಈ ಪಳಗಿಸುವ ಕಷ್ಟವಿಲ್ಲ, ಬೆಲೆ ಹೆಚ್ಚು.

ಹಂತ 5: ಹೊರಗಿನ ಜೋಡಣೆ — ಹಿಂದಿನಿಂದ ಮುಂದಕ್ಕೆ

ಹೋಲಿಕೆಯಲ್ಲಿ ಅತಿ ಹೆಚ್ಚು ಸಮಯ ಬೇಡುವ ಹಂತ. ಹಿಂಭಾಗದಿಂದ ಆರಂಭಿಸಿ, ಏಕೆಂದರೆ ಅಲ್ಲಿ ತಪ್ಪಿದರೆ ಗೇರ್‌ಬಾಕ್ಸ್ ಎರಡು ಸಲ ಇಳಿಸಬೇಕಾಗುತ್ತದೆ.

*ಹಿಂಭಾಗ.* 1985ರವರೆಗಿನ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಹಿಂದಿನ ಆಯಿಲ್ ಸೀಲ್ ಎರಡು ತುಂಡಿನದು, 1986ರಿಂದ ಒಂದೇ ತುಂಡಿನದು. ಇದರ ಜೊತೆಗೆ ಫ್ಲೈವೀಲ್ ಬೋಲ್ಟ್‌ಗಳ ವೃತ್ತ 3.58 ಇಂಚಿನಿಂದ 3.00 ಇಂಚಿಗೆ ಇಳಿಯಿತು. ಎಚ್‌ಒ ಎರಡನೆಯ ಬಗೆಯದು, ಹಾಗಾಗಿ ನಿಮ್ಮ ಹಳೆಯ ಫ್ಲೈವೀಲ್ ಕೂರುವುದೇ ಇಲ್ಲ. ಬೋಲ್ಟ್ ಕೂರುವ ಫ್ಲೈವೀಲ್ ತಂದರೂ ಕೆಲಸ ಅರ್ಧವೇ. ಹಳೆಯ 350ರಲ್ಲಿ ಸಮತೋಲನವೆಲ್ಲ ಕ್ರ್ಯಾಂಕ್‌ನೊಳಗೇ ಇತ್ತು, ಒಂದು ತುಂಡಿನ ಸೀಲ್ ಇರುವುದರಲ್ಲಿ ಸಮತೋಲನದ ಒಂದಂಶವನ್ನು ಫ್ಲೈವೀಲ್‌ನ ಮೇಲಿನ ತೂಕ ಹೊರುತ್ತದೆ. ನಾವೊಮ್ಮೆ 3.00 ಇಂಚಿನ ವೃತ್ತ ಸರಿಯಿದೆ ಎಂದಷ್ಟೇ ನೋಡಿ, ತೂಕವಿಲ್ಲದ ಫ್ಲೈವೀಲ್ ತಂದು ಕೂರಿಸಿದೆವು. ಐಡ್ಲಿಂಗ್‌ನಲ್ಲಿ ಏನೂ ಗೊತ್ತಾಗಲಿಲ್ಲ. 2,500 ದಾಟಿದೊಡನೆ ಗೇರ್ ಲಿವರ್ ಕೈಯಲ್ಲಿ ಝುಮ್ಮೆನ್ನತೊಡಗಿತು, ಕನ್ನಡಿಯಲ್ಲಿ ಹಿಂದಿನ ಕಾರುಗಳು ಮಸುಕಾದವು. ಗೇರ್‌ಬಾಕ್ಸ್ ಮತ್ತೆ ಇಳಿಯಿತು. ಅಂಗಡಿಯಲ್ಲಿ ಕೇಳಬೇಕಾದ ಮಾತು ಇದು: ‘ಒಂದು ತುಂಡಿನ ಸೀಲ್‌ನ 350ಕ್ಕೆ, ತೂಕ ಇರುವ ಫ್ಲೈವೀಲ್, ಇಷ್ಟು ಹಲ್ಲಿನದು.’ ಹಲ್ಲುಗಳ ಸಂಖ್ಯೆ 153 ಅಥವಾ 168 ಇರುತ್ತದೆ. ಅದಕ್ಕೆ ತಕ್ಕಂತೆ ಸ್ಟಾರ್ಟರ್‌ನ ಬೋಲ್ಟ್ ತೂತುಗಳು ಸಾಲಾಗಿಯೋ ಓರೆಯಾಗಿಯೋ ಇರುತ್ತವೆ.

ಈ ತೊಡಕೇ ಬೇಡವೆನ್ನುವವರಿಗೆ ‘350/290’ ಎಂಬ ಕ್ರೇಟ್ ಎಂಜಿನ್ ಎರಡು ತುಂಡಿನ ಸೀಲ್‌ನೊಂದಿಗೆ ಬಂದದ್ದುಂಟು. ಶಕ್ತಿ 290, ಹಳೆಯ ಫ್ಲೈವೀಲ್ ಹಾಗೆಯೇ ಕೂರುತ್ತದೆ.

ಕ್ಲಚ್ಚಿನ ಕಾರಾದರೆ ಬ್ಲಾಕ್‌ನ ಎಡಬದಿಯಲ್ಲಿ ಕ್ಲಚ್ ಲಿಂಕೇಜಿನ ಗುಂಡು ಬೋಲ್ಟ್ ಕೂರುವ ತೂತು ಇದೆಯೇ ಎಂದು ನೋಡಿ. ನಂತರದ ಕೆಲವು ಬ್ಲಾಕ್‌ಗಳಲ್ಲಿ ಅದನ್ನು ಕೊರೆದಿರುವುದಿಲ್ಲ.

*ಪಕ್ಕಗಳು.* 1973ರ ಎಂಜಿನ್‌ನಲ್ಲಿ ಎಣ್ಣೆ ನೋಡುವ ಕಡ್ಡಿ ಎಡಕ್ಕಿದೆ, 1980ರ ನಂತರದ ಬ್ಲಾಕ್‌ಗಳಲ್ಲಿ ಬಲಕ್ಕೆ. ಕೊಳವೆ ನಿಮ್ಮ ಎಗ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗುತ್ತದೆಯೇ ನೋಡಬೇಕು. ಪೆಟ್ರೋಲ್ ಪಂಪ್ ಎಂಜಿನ್‌ನಿಂದಲೇ ಓಡುವ ಬಗೆಯದಾದರೆ ಹೊಸ ಬ್ಲಾಕ್‌ನಲ್ಲಿ ಅದನ್ನು ಕೂರಿಸುವ ಜಾಗ ಮತ್ತು ಕ್ಯಾಮ್‌ನಲ್ಲಿ ಅದನ್ನು ನೂಕುವ ಉಬ್ಬು ಎರಡೂ ಇರಬೇಕು.

*ಮುಂಭಾಗ.* ಈ ತಲೆಮಾರಿನ ಕಾರ್ವೆಟ್‌ಗಳು ಗಿಡ್ಡ ವಾಟರ್ ಪಂಪ್ ಬಳಸಿದವು, ಉಳಿದ ಷೆವರ್ಲೆಗಳು 1969ರಿಂದ ಉದ್ದನೆಯದನ್ನು. ಕ್ರೇಟ್‌ನೊಂದಿಗೆ ಉದ್ದದ ಪಂಪ್ ಬಂದರೆ ಪುಲ್ಲಿಗಳು ಸುಮಾರು ಒಂದೂಕಾಲು ಇಂಚು ಮುಂದೆ ಹೋಗಿ ಫ್ಯಾನ್ ರೇಡಿಯೇಟರನ್ನು ಮುಟ್ಟುತ್ತದೆ. ಹಳೆಯ ಪಂಪನ್ನೇ ಹಾಕಿಕೊಳ್ಳಿ.

*ಮೇಲ್ಭಾಗ.* ವೋರ್ಟೆಕ್ ಹೆಡ್‌ಗೆ ಇನ್‌ಟೇಕ್ ಮ್ಯಾನಿಫೋಲ್ಡನ್ನು ಎಂಟು ಬೋಲ್ಟ್‌ಗಳು ಹಿಡಿಯುತ್ತವೆ, ಹಳೆಯದಕ್ಕೆ ಹನ್ನೆರಡು. ನಿಮ್ಮ ಮೂಲ ಮ್ಯಾನಿಫೋಲ್ಡ್ ಕೂರುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಹಳೆಯ ಹೆಡ್‌ಗಳಲ್ಲಿ ಬಿಸಿ ಹೊಗೆ ಮ್ಯಾನಿಫೋಲ್ಡಿನ ಅಡಿಯಿಂದ ಹಾಯುತ್ತಿತ್ತು, ಅದರ ಶಾಖದಿಂದಲೇ ಕಾರ್ಬುರೇಟರ್‌ನ ಚೋಕ್ (ಎಂಜಿನ್ ತಣ್ಣಗಿರುವಾಗ ಗಾಳಿ ತಗ್ಗಿಸುವ ಕದ) ತೆರೆಯುತ್ತಿತ್ತು. ವೋರ್ಟೆಕ್‌ನಲ್ಲಿ ಆ ಹಾದಿ ಇಲ್ಲ. ಮೂಲ ಕ್ವಾಡ್ರಾಜೆಟ್ ಕಾರ್ಬುರೇಟರನ್ನು ಹಾಗೆಯೇ ಕೂರಿಸಿದರೆ ಚೋಕ್ ತೆರೆಯದೆ, ಎಂಜಿನ್ ಪೆಟ್ರೋಲ್ ಕುಡಿಯುತ್ತ ಕಪ್ಪು ಹೊಗೆ ಬಿಡುತ್ತದೆ. ಎಲೆಕ್ಟ್ರಿಕ್ ಚೋಕ್‌ಗೆ ಬದಲಿಸಿಕೊಳ್ಳಬೇಕು.

ಬಾನೆಟ್ಟಿನ ಎತ್ತರವನ್ನು ಅಂದಾಜಿಗೆ ಬಿಡಬೇಡಿ. ಏರ್‌ಕ್ಲೀನರ್‌ನ ಮೇಲೆ ನಾಲ್ಕು ಕಡೆ ಕ್ಲೇ ಉಂಡೆಗಳನ್ನಿಟ್ಟು, ತೆಳು ಪ್ಲಾಸ್ಟಿಕ್ ಹೊದಿಸಿ, ಬಾನೆಟ್ ಮೆಲ್ಲಗೆ ಮುಚ್ಚಿ ತೆರೆಯಿರಿ. ಉಂಡೆ ಎಷ್ಟು ದಪ್ಪ ಉಳಿಯಿತೋ ಅಷ್ಟೇ ನಿಮಗಿರುವ ಜಾಗ. ನಂತರ ಹಳೆಯ ಮತ್ತು ಹೊಸ ಮ್ಯಾನಿಫೋಲ್ಡ್‌ಗಳಲ್ಲಿ ಕಾರ್ಬುರೇಟರ್ ಕೂರುವ ಎತ್ತರದ ವ್ಯತ್ಯಾಸವನ್ನು ಅದರಿಂದ ಕಳೆಯಿರಿ. ಅರ್ಧ ಇಂಚಿಗಿಂತ ಕಡಿಮೆ ಉಳಿದರೆ ನಾನು ಒಪ್ಪುವುದಿಲ್ಲ, ಏಕೆಂದರೆ ಆಕ್ಸಲರೇಟರ್ ತುಳಿದಾಗ ಎಂಜಿನ್ ಮೌಂಟ್‌ಗಳ ಮೇಲೆ ವಾಲುತ್ತದೆ, ಫೈಬರ್‌ಗ್ಲಾಸ್ ಬಾನೆಟ್ ತಾಗಿದಲ್ಲಿ ಸೀಳುತ್ತದೆ.

ಕೊನೆಯದಾಗಿ, ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್. 1974ರವರೆಗಿನ ಕಾರ್ವೆಟ್‌ಗಳಲ್ಲಿ ಡ್ಯಾಶ್‌ಬೋರ್ಡಿನ ಆರ್‌ಪಿಎಂ ಮುಳ್ಳು ಡಿಸ್ಟ್ರಿಬ್ಯೂಟರ್‌ನಿಂದ ಹೊರಟ ಕೇಬಲ್‌ನಿಂದ ತಿರುಗುತ್ತದೆ. ಕ್ರೇಟ್ ಎಂಜಿನ್‌ನ ಡಿಸ್ಟ್ರಿಬ್ಯೂಟರ್‌ನಲ್ಲಿ ಆ ಕೇಬಲ್ಲಿಗೆ ಜಾಗವಿಲ್ಲ. ಆ ಕೇಬಲ್ ಕೂರುವ, ಟ್ಯಾಕೋ ಡ್ರೈವ್ ಇರುವ ಡಿಸ್ಟ್ರಿಬ್ಯೂಟರನ್ನೇ ಕೂರಿಸಬೇಕು, ಅದರ ತಳದ ಗೇರ್ ಹೊಸ ಕ್ಯಾಮ್‌ನ ಲೋಹಕ್ಕೆ ಹೊಂದುವಂತಿರಬೇಕು. ಹೊಂದದಿದ್ದರೆ ಗೇರ್ ಸವೆದು ಅದರ ಪುಡಿ ಎಣ್ಣೆಯೊಂದಿಗೆ ಇಡೀ ಎಂಜಿನ್ ಸುತ್ತುತ್ತದೆ.

ಹಂತ 6: ಎಂಜಿನ್ ಆಚೆಗಿನ ಭಾಗಗಳು ಮತ್ತು ಕಾನೂನು

ಹೆಚ್ಚಿದ ಟಾರ್ಕನ್ನು ಹೊರಬೇಕಾದವು ಕ್ಲಚ್, ಹಿಂಭಾಗದ ಹಾಫ್ ಶಾಫ್ಟ್‌ಗಳು (ಚಕ್ರಗಳಿಗೆ ಶಕ್ತಿ ಒಯ್ಯುವ ದಂಡಗಳು), ಅವುಗಳ ಕೀಲುಗಳಾದ ಯು-ಜಾಯಿಂಟ್‌ಗಳು. ಎಂಜಿನ್ ಹೊರಗಿರುವಾಗಲೇ ಕೈಯಿಂದ ತಿರುಗಿಸಿ, ಸಡಿಲವಿದ್ದರೆ ಬದಲಿಸಿ. ರೇಡಿಯೇಟರ್ ಮೂಲದ್ದಾದರೆ ಹರಿವನ್ನು ಪರೀಕ್ಷಿಸಿ. ಹೊಸ ಎಂಜಿನ್‌ಗೆ ಹಳೆಯ ಕೆಸರು ತುಂಬಿದ ರೇಡಿಯೇಟರ್ ಹಚ್ಚುವುದು ಸಲ್ಲದು.

ಹೊಗೆಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ ತಪಾಸಣೆಯಿಂದ ವಿನಾಯಿತಿ ಇದೆ. 1976ರ ಕಾರಿಗೆ ಅದಿಲ್ಲ, ಅಲ್ಲಿ ಎಂಜಿನ್ ಬದಲಿಸಿದರೆ ಅದಕ್ಕೆ ಸಂಬಂಧಿಸಿದ ಮಾಲಿನ್ಯ ನಿಯಂತ್ರಣ ಸಾಮಗ್ರಿಯೆಲ್ಲ ಇರಲೇಬೇಕು. ಒಂದೇ ಬಣ್ಣದ, ಒಂದೇ ಆಕಾರದ ಎರಡು ಕಾರುಗಳಿಗೆ ಒಂದು ವರ್ಷದ ಅಂತರದಿಂದ ಉತ್ತರ ಬದಲಾಗಬಹುದು. ಹಣ ಕೊಡುವ ಮೊದಲು ನಿಮ್ಮ ರಾಜ್ಯದ ನಿಯಮ ಓದಿ.

ಹಂತ 7: ಖರ್ಚಿನ ಎರಡು ಪುಟಗಳು

ಪೆಟ್ಟಿಗೆಯಲ್ಲಿ ಏನೇನು ಬರುತ್ತದೆ ಎಂಬ ಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಒಂದೇ ಹೆಸರಿನ ಎಂಜಿನ್ ಒಂದು ಕಡೆ ಹೆಡ್‌ವರೆಗೆ ಮಾತ್ರ, ಇನ್ನೊಂದು ಕಡೆ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ವಾಟರ್ ಪಂಪ್ ಸಮೇತ ಸಿಗುತ್ತದೆ. ಬಲಪುಟದಲ್ಲಿ ಎಂಜಿನ್‌ನ ಬೆಲೆಯ ಕೆಳಗೆ ಸಾಗಣೆ, ಫ್ಲೈವೀಲ್, ಮ್ಯಾನಿಫೋಲ್ಡ್, ಚೋಕ್, ಡಿಸ್ಟ್ರಿಬ್ಯೂಟರ್, ಎಣ್ಣೆಕಡ್ಡಿ, ಗ್ಯಾಸ್ಕೆಟ್‌ಗಳು, ದ್ರವಗಳು, ಎತ್ತುವ ಕ್ರೇನಿನ ಬಾಡಿಗೆ ಎಲ್ಲವನ್ನೂ ಬರೆಯಿರಿ. ಎಡಪುಟದಲ್ಲಿ ಮೂಲ ಎಂಜಿನ್‌ನ ರೀಬೋರ್ (ಸಿಲಿಂಡರ್‌ಗಳನ್ನು ಮತ್ತೆ ಕೊರೆಯುವುದು), ಪಿಸ್ಟನ್, ಬೇರಿಂಗ್, ಹೆಡ್, ಮಷಿನ್ ಶಾಪಿನ ಕೂಲಿ, ಜೊತೆಗೆ ಕಾಯಬೇಕಾದ ತಿಂಗಳುಗಳು. ಬಲಪುಟದ ಮೊತ್ತ ಜಾಹೀರಾತಿನ ಬೆಲೆಯಷ್ಟಕ್ಕೇ ನಿಂತದ್ದನ್ನು ನಾನಂತೂ ನೋಡಿಲ್ಲ.

ಎಡಪುಟಕ್ಕೆ ಸೇರದ ಒಂದು ಮೌಲ್ಯವೂ ಇದೆ. ಕಾರಿನ ಸಂಖ್ಯೆಗೆ ಹೊಂದುವ ಎಂಜಿನ್ ಕಾರಿನಲ್ಲಿದ್ದರೆ ಮಾರುವಾಗ ಅದಕ್ಕೆ ಬೇರೆಯೇ ಬೆಲೆ. ನಿಮ್ಮದು ಎಲ್48 ಅಲ್ಲದೆ ಅದೇ ವರ್ಷದ 250 ಹಾರ್ಸ್‌ಪವರಿನ ಎಲ್82 ಅಥವಾ ಅದಕ್ಕಿಂತ ಹಿಂದಿನ ಎಲ್‌ಟಿ-1 ಎಂದು ಹಂತ 1ರಲ್ಲಿ ತಿಳಿದುಬಂದಿದ್ದರೆ ಎಂಜಿನ್ ಬದಲಿಸುವ ಯೋಚನೆಯನ್ನು ಅಲ್ಲಿಗೇ ಬಿಡಿ, ಅದನ್ನೇ ರಿಪೇರಿ ಮಾಡಿಸಿ.

430 ಹಾರ್ಸ್‌ಪವರಿನ ಎಲ್‌ಎಸ್3ಯನ್ನೂ ಇದೇ ಪಟ್ಟಿಗೆ ಸೇರಿಸಬಹುದೇ ಎಂದು ಕೇಳುವವರಿದ್ದಾರೆ. ಅದು ಬೇರೆ ವಂಶದ ಎಂಜಿನ್: ಮೌಂಟ್, ಆಯಿಲ್ ಪ್ಯಾನ್, ಹೆಚ್ಚಿನ ಒತ್ತಡದ ಪೆಟ್ರೋಲ್ ಪಂಪ್, ಕಂಪ್ಯೂಟರ್, ವೈರಿಂಗ್ ಎಲ್ಲವೂ ಹೊಸದು. ಅದಕ್ಕೆ ಬೇರೆಯೇ ನೋಟ್‌ಪುಸ್ತಕ ಬೇಕು.

ಹಂತ 8: ತೀರ್ಮಾನ, ಮತ್ತು ಇಳಿಸಿದ ಎಂಜಿನ್‌ನ ಆರೈಕೆ

ಸಂಖ್ಯೆ ಹೊಂದುತ್ತದೆ, ಬ್ಲಾಕ್ ಗಟ್ಟಿಯಿದೆ ಎಂದಾದರೆ ಹೆಡ್, ಕ್ಯಾಮ್‌ಗಳ ದಾರಿ. ಸಂಖ್ಯೆ ಹೊಂದುತ್ತದೆ, ಬ್ಲಾಕ್ ಸವೆದಿದೆ, ಕಾರನ್ನು ಈ ಬೇಸಿಗೆಯಲ್ಲೇ ಓಡಿಸಬೇಕು ಎಂದಾದರೆ ಕ್ರೇಟ್ ಎಂಜಿನ್ ಕೂರಿಸಿ ಮೂಲವನ್ನು ಎತ್ತಿಡಿ. ಸಂಖ್ಯೆ ಹೊಂದದ, ಸವೆದ ಎಂಜಿನ್ ಆಗಿದ್ದರೆ ಕ್ರೇಟ್ ಎಂಜಿನ್‌ಗೆ ನನ್ನ ಪೂರ್ಣ ಸಮ್ಮತಿ. ಆದರೆ ಕೊಳ್ಳುವಾಗ ‘ಹಳೆಯ ಎಂಜಿನ್ ಕೊಟ್ಟರೆ ಇಷ್ಟು ರಿಯಾಯಿತಿ’ ಎಂದರೆ ಮೊದಲ ಎರಡು ಸಂದರ್ಭಗಳಲ್ಲಿ ಒಪ್ಪಬೇಡಿ. ಒಮ್ಮೆ ಹೋದ ಬ್ಲಾಕ್ ಯಾವ ದುಡ್ಡಿಗೂ ಮರಳಿ ಬರುವುದಿಲ್ಲ.

ಇಳಿಸಿದ ಎಂಜಿನ್ನನ್ನು ನೆಲದ ಮೇಲೆ ಇಡದೆ ಸ್ಟ್ಯಾಂಡಿಗೆ ಏರಿಸಿ. ನೀರು ಪೂರ್ತಿ ಬಸಿಯಿರಿ. ಬ್ಲಾಕ್‌ನ ಎರಡೂ ಬದಿಯ ಡ್ರೈನ್ ಪ್ಲಗ್‌ಗಳನ್ನು ಬಿಚ್ಚದೆ ಬಿಟ್ಟರೆ ಒಳಗುಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಬ್ಲಾಕ್ ಸೀಳಬಹುದು. ಪ್ರತಿ ಸಿಲಿಂಡರಿಗೆ ಪ್ಲಗ್ ತೂತಿನಿಂದ ಎಣ್ಣೆ ಸಿಂಪಡಿಸಿ, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಎಲ್ಲ ಬಾಯಿಗಳನ್ನು ಮುಚ್ಚಿ, ತೇವ ಹೀರುವ ಪೊಟ್ಟಣಗಳೊಂದಿಗೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಸಂಖ್ಯೆಯ ಪಟ್ಟಿಗೆ ತೆಳುವಾಗಿ ಗ್ರೀಸ್ ಸವರಿ. ಮೂಲ ಕಾರ್ಬುರೇಟರ್, ಮ್ಯಾನಿಫೋಲ್ಡ್, ಡಿಸ್ಟ್ರಿಬ್ಯೂಟರ್, ಅದರ ಮೇಲಿದ್ದ ರೇಡಿಯೋ ಗೊರಗೊರ ತಡೆಯುವ ಲೋಹದ ಕವಚಗಳು, ಪ್ರತಿಯೊಂದು ಬ್ರಾಕೆಟ್ ಮತ್ತು ಬೋಲ್ಟನ್ನು ಚೀಟಿ ಅಂಟಿಸಿದ ಡಬ್ಬಿಗಳಲ್ಲಿ ಹಾಕಿ ಅದೇ ಸ್ಟ್ಯಾಂಡಿನ ಅಡಿಯಲ್ಲಿಡಿ. ಹಂತ 1ರಲ್ಲಿ ತೆಗೆದ ಪೆನ್ಸಿಲ್ ಅಚ್ಚಿನ ಒಂದು ಪ್ರತಿ ಎಂಜಿನ್‌ನ ಚೀಲದೊಳಗೆ ಇರಲಿ, ಇನ್ನೊಂದು ಕಾರಿನ ದಾಖಲೆಗಳ ಜೊತೆ.